ತಂಡದ ಡಿಸೈನ್ ಪ್ರಾಜೆಕ್ಟ್: ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಸೀಸನ್ ಶುರುವಾದರೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನರ ಗುಂಪಾಗಿ ಬಂದು ನಿಲ್ಲುತ್ತಾರೆ. ಒಬ್ಬರು ಮಾತಾಡುತ್ತಾರೆ, ಇಬ್ಬರು ತಲೆಯಾಡಿಸುತ್ತಾರೆ, ನಾಲ್ಕನೆಯವರು ಫೋನ್ ನೋಡುತ್ತಿರುತ್ತಾರೆ. ಮುಖಗಳು ಪ್ರತಿ ವರ್ಷ ಹೊಸವು, ಪ್ರಶ್ನೆಗಳು ಹಳೆಯವೇ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುತ್ತಾ, ಬೇರೆ ಬ್ರಾಂಚಿನ ತಂಡಗಳಿಗೂ ಗೈಡ್ ಆಗುತ್ತಾ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವನ್ನು ನಿಮ್ಮ ಗೈಡ್ ಒಪ್ಪದೆ ಇರಬಹುದು. ಆಗ ಅವರ ಮಾತನ್ನೇ ಕೇಳಿ, ಮಾರ್ಕ್ಸ್ ಕೊಡುವವರು ಅವರು.

ಲ್ಯಾಬ್ ಮಾಡಿದ್ದೇವೆ, ಸೆಮಿನಾರ್ ಕೊಟ್ಟಿದ್ದೇವೆ. ಡಿಸೈನ್ ಪ್ರಾಜೆಕ್ಟ್ ಅದಕ್ಕಿಂತ ಹೇಗೆ ಬೇರೆ?

ಲ್ಯಾಬಿನಲ್ಲಿ ಉತ್ತರ ಮ್ಯಾನ್ಯುವಲ್‌ನಲ್ಲಿ ಮೊದಲೇ ಇರುತ್ತದೆ. ನಿಮ್ಮ ರೀಡಿಂಗ್ ಅದರ ಹತ್ತಿರ ಬಂದರೆ ಸಹಿ ಸಿಗುತ್ತದೆ. (ಬರದಿದ್ದರೆ ಪಕ್ಕದ ಬ್ಯಾಚಿನ ರೀಡಿಂಗ್ ಬರುತ್ತದೆ, ಅದೂ ನಮಗೆ ಗೊತ್ತು.) ಡಿಸೈನ್ ಪ್ರಾಜೆಕ್ಟಿನಲ್ಲಿ ಉತ್ತರ ಯಾರ ಹತ್ತಿರವೂ ಇರುವುದಿಲ್ಲ, ಗೈಡ್ ಹತ್ತಿರವೂ ಇಲ್ಲ. ಒಂದೇ ಸಮಸ್ಯೆಗೆ ಐದು ತಂಡಗಳು ಐದು ಬಗೆಯ ಯಂತ್ರ ಮಾಡಿ ತರಬಹುದು, ಐದೂ ಸರಿಯಿರಬಹುದು. ಹಣ, ತೂಕ, ಸಮಯ, ಬಳಸುವವರ ಅನುಕೂಲ ಇವುಗಳ ನಡುವೆ ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಹೇಳಲು ಬರಬೇಕು.

ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುದ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷವೇ ಡಿಸೈನ್ ಥಿಂಕಿಂಗ್ ಇದೆ, ಆಮೇಲೆ ಮಿನಿ ಪ್ರಾಜೆಕ್ಟ್, ಕೊನೆಗೆ ಎರಡು ಹಂತದ ಮುಖ್ಯ ಪ್ರಾಜೆಕ್ಟ್. ಪಠ್ಯಕ್ರಮ ತಾವೇ ಮಾಡಿಕೊಳ್ಳುವ ಅಟಾನಮಸ್ ಕಾಲೇಜುಗಳಲ್ಲಿ ಹೆಸರು, ಸೆಮಿಸ್ಟರ್ ಬದಲಾಗಬಹುದು, ಕೆಲಸ ಅದೇ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್‌ಗೆ ಭಾರತ 2014ರಲ್ಲಿ ಕಾಯಂ ಸದಸ್ಯನಾದ ಮೇಲೆ, ಕೋರ್ಸುಗಳ ಗುಣಮಟ್ಟ ನೋಡುವ ಎನ್‌ಬಿಎ ಮಾನ್ಯತೆಗೆ ಬರುವ ತಜ್ಞರು ವಿದ್ಯಾರ್ಥಿಗಳು ತಂಡದಲ್ಲಿ ಹೇಗೆ ಕೆಲಸ ಮಾಡುತ್ತಾರೆ ಎಂಬುದಕ್ಕೂ ಪುರಾವೆ ಕೇಳುತ್ತಾರೆ. ನಿಮ್ಮ ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಇದ್ದಕ್ಕಿದ್ದಂತೆ ಟೀಮ್‌ವರ್ಕ್ ಬಗ್ಗೆ ಮಾತಾಡಲು ಶುರು ಮಾಡಿದ್ದರೆ ಒಂದು ಕಾರಣ ಅದು.

ಒಬ್ಬನೇ ಮಾಡಿದರೆ ಬೇಗ ಮುಗಿಯುತ್ತೆ ಸರ್. ತಂಡ ಯಾಕೆ ಬೇಕು?

ನಿಜ, ಮಿನಿ ಪ್ರಾಜೆಕ್ಟ್ ಅಳತೆಯ ಕೆಲಸವನ್ನು ಒಬ್ಬರೇ ಮಾಡಿದರೆ ಬೇಗ ಮುಗಿಯುತ್ತದೆ. ಆದರೆ ಕಾಲೇಜಿನಿಂದ ಹೊರಗೆ ಹೋದ ಮೇಲೆ ಒಬ್ಬರೇ ಮಾಡಿ ಮುಗಿಸುವಂಥ ಎಂಜಿನಿಯರಿಂಗ್ ಕೆಲಸ ನಿಮಗೆ ಸಿಗುವುದು ಕಷ್ಟ. ಅಲ್ಲಿ ನಿಮ್ಮ ಭಾಗ ಇನ್ನೊಬ್ಬರ ಭಾಗಕ್ಕೆ ಸೇರಬೇಕು. ನಾನು ನೋಡಿದ ಮಟ್ಟಿಗೆ ಪ್ರಾಜೆಕ್ಟುಗಳು ಒಬ್ಬರ ಭಾಗದ ಒಳಗೆ ಮುರಿಯುವುದು ಕಡಿಮೆ. ಇಬ್ಬರ ಭಾಗ ಕೂಡುವ ಸಂದಿನಲ್ಲಿ ಮುರಿಯುತ್ತವೆ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಹತ್ತಿರ ಕಳೆದುಹೋಯಿತು. ಒಂದು ತಂಡದ ತಂತ್ರಾಂಶ ಎಂಜಿನ್ನಿನ ತಳ್ಳುವಿಕೆಯ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿಕೊಂಡಿತ್ತು. ಎರಡೂ ಕಡೆ ಇದ್ದವರು ಪಳಗಿದವರೇ. ಅವರವರ ಮೇಜಿನ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ತಂಡ ಕಟ್ಟುವುದು ಹೇಗೆ? ಫ್ರೆಂಡ್ಸ್ ಜೊತೆಗೇ ಇರಬಹುದಾ?

ಇರಬಹುದು, ಒಂದೇ ಶರತ್ತು. ಆ ಫ್ರೆಂಡ್‌ಗೆ "ನೀನು ಮಾಡಿದ್ದು ಸರಿಯಿಲ್ಲ, ಮತ್ತೆ ಮಾಡು" ಎಂದು ಹೇಳುವಷ್ಟು ಸಲಿಗೆ ನಿಮಗಿರಬೇಕು. ಒಟ್ಟಿಗೆ ಟೀ ಕುಡಿಯುವ ಸಲಿಗೆ ಬೇರೆ, ಇದು ಬೇರೆ.

ಸಿಜಿಪಿಎಗಿಂತ ಮೊದಲು ಯಾರು ಎಲ್ಲಿರುತ್ತಾರೆ ನೋಡಿ. ಒಬ್ಬರ ಮನೆ ಯಲಹಂಕ, ಇನ್ನೊಬ್ಬರದು ಕೆಂಗೇರಿ, ಮೂರನೆಯವರು ಕಾಲೇಜ್ ಬಸ್ಸಿನವರು, ನಾಲ್ಕನೆಯವರು ಪಿಜಿ. ಕ್ಲಾಸ್ ಮುಗಿದ ತಕ್ಷಣ ಬಸ್ ಹೊರಟರೆ ಆ ಒಬ್ಬರು ವರ್ಕ್‌ಶಾಪಿಗೆ ಬರುವುದು ಯಾವಾಗ? ನಾಲ್ವರ ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟು, ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಎಲ್ಲರಿಗೂ ಬಿಡುವಿದೆಯೇ ಎಂದು ಮೊದಲು ನೋಡಿ. ಇಲ್ಲವಾದರೆ ಎಷ್ಟೇ ಜಾಣರಿದ್ದರೂ ಅದು ತಂಡವಲ್ಲ, ವಾಟ್ಸಾಪ್ ಗ್ರೂಪ್.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ರಿಪೋರ್ಟ್, ಪಿಪಿಟಿ ಹುಡುಗಿಯರಿಗೆ, ವೆಲ್ಡಿಂಗ್, ಡ್ರಿಲ್ಲಿಂಗ್ ಹುಡುಗರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎರಡನೇ ವಾರಕ್ಕೆ ಹಾಗೇ ಆಗಿಬಿಟ್ಟಿರುತ್ತದೆ. "ಅವಳ ಅಕ್ಷರ ಚೆನ್ನಾಗಿದೆ ಸರ್" ಎನ್ನುತ್ತಾರೆ. ಈಗ ಕೈಯಲ್ಲಿ ರಿಪೋರ್ಟ್ ಬರೆಯುವವರು ಯಾರು? ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಗೇರ್ ರೇಶಿಯೋ ಯಾಕೆ ಇಷ್ಟು ಎಂದು ಕೇಳಿದಾಗ ಆ ಹುಡುಗಿಯರು ತಡವರಿಸಿದರೆ ತಪ್ಪು ಕೆಲಸ ಹಂಚಿದ ಇಡೀ ತಂಡದ್ದು. ನನ್ನ ತಂಡಗಳಲ್ಲಿ ಪ್ರತಿಯೊಬ್ಬರೂ ಒಂದು ಬಿಡಿಭಾಗವನ್ನಾದರೂ ಸ್ವಂತ ಕೈಯಿಂದ ಮಾಡಬೇಕು, ಒಂದು ಅಧ್ಯಾಯವನ್ನಾದರೂ ಬರೆಯಬೇಕು.

ಎಷ್ಟು ಜನ ಇದ್ದರೆ ಒಳ್ಳೆಯದು?

ನಾಲ್ಕು. ನಾಲ್ವರ ನಡುವೆ ಇಬ್ಬಿಬ್ಬರ ಜೋಡಿ ಎಣಿಸಿದರೆ 6 ಆಗುತ್ತವೆ, ಆರು ಜನರಾದರೆ 15. ಆ ಜೋಡಿಗಳಲ್ಲಿ ಯಾವುದರಲ್ಲಿ ಮಾತು ನಿಂತರೂ ಪೆಟ್ಟು ಪ್ರಾಜೆಕ್ಟಿಗೆ. ಕೇಂದ್ರ ಸರ್ಕಾರ ನಡೆಸುವ ಸ್ಪರ್ಧೆ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಹೋಗುವುದಾದರೆ ನಿಯಮವೇ ಆರು ಜನ, ಅದರಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ಇರಬೇಕು.

ಟಾಪಿಕ್ ಎಲ್ಲಿಂದ ಹುಡುಕೋದು?

ಯೂಟ್ಯೂಬಿನಿಂದ ಮಾತ್ರ ಬೇಡ. ಲೈನ್ ಫಾಲೋವರ್ ರೋಬೋ, ಸ್ಮಾರ್ಟ್ ಡಸ್ಟ್‌ಬಿನ್, ಆಟೊಮ್ಯಾಟಿಕ್ ಗಿಡಕ್ಕೆ ನೀರು ಈ ಮೂರನ್ನು ನೋಡಿ ನೋಡಿ ನಮಗೂ ಸಾಕಾಗಿದೆ.

ಒಂದು ತಂಡದ ಕಥೆ ಹೇಳುತ್ತೇನೆ. ನಾಲ್ವರೂ ಬಂದು, "ಎಳನೀರು ಕೊಚ್ಚುವ ಯಂತ್ರ ಮಾಡ್ತೀವಿ ಸರ್, ಮಚ್ಚು ಡೇಂಜರ್" ಎಂದರು. ಮೋಟರ್, ಬ್ಲೇಡ್, ಸೆನ್ಸರ್ ಎಲ್ಲ ಚಿತ್ರದಲ್ಲಿ ತಯಾರು. ಎಳನೀರು ಮಾರುವವರನ್ನು ಕೇಳಿದ್ದೀರಾ ಎಂದರೆ ಇಲ್ಲ. ಕಾಲೇಜ್ ಗೇಟಿನ ಎದುರಿಗೇ ಒಬ್ಬರು ತಳ್ಳುಗಾಡಿ ಇಟ್ಟುಕೊಂಡಿದ್ದಾರೆ, ಒಂದು ಬೆಳಿಗ್ಗೆ ಪೂರ್ತಿ ಅವರ ಪಕ್ಕ ನಿಂತು ಬನ್ನಿ, ಬಾಯಿ ತೆರೆಯಬೇಡಿ, ನೋಡಿ ಅಷ್ಟೇ ಎಂದು ಕಳಿಸಿದೆ.

ಮಾರನೆಯ ದಿನ ಬಂದವರ ಮುಖ ಸಪ್ಪೆಯಾಗಿತ್ತು. ಅಣ್ಣ ನಾಲ್ಕೇಟಿಗೆ ಕಾಯಿ ಕೆತ್ತಿ ಕೊಡುತ್ತಾರೆ, ಅವರಿಗೆ ಯಂತ್ರ ಬೇಕಾಗಿಯೇ ಇಲ್ಲ. "ಕರೆಂಟ್ ಎಲ್ಲಿಂದ ತರ್ಲಿ, ನಿಮ್ಮ ಕಾಲೇಜು ಕೊಡುತ್ತಾ?" ಎಂದು ನಕ್ಕರಂತೆ. ಮಧ್ಯಾಹ್ನದ ಹೊತ್ತಿಗೆ ತಂಡದಲ್ಲಿ ಒಬ್ಬಳು ಬೇರೆಯೇ ಒಂದನ್ನು ಗಮನಿಸಿದ್ದಳು. ಗಾಡಿಯ ಹಿಂದೆ ಬುರುಡೆಗಳ ರಾಶಿ ಗಾಡಿಗಿಂತ ಎತ್ತರ ಬೆಳೆದಿತ್ತು. ಕಸದ ಆಟೋದವರು ಹಸಿ ಕಸದ ಜೊತೆ ಅದನ್ನು ತೆಗೆದುಕೊಳ್ಳುವುದಿಲ್ಲ. ರಾಶಿ ಕಂಡರೆ ಪಕ್ಕದ ಅಂಗಡಿಯವರ ಜಗಳ, ಮಳೆ ಬಂದರೆ ಅದರೊಳಗೆ ನೀರು ನಿಂತು ಸೊಳ್ಳೆ. ಸಂಜೆ ದುಡ್ಡು ಕೊಟ್ಟು ಸಾಗಿಸಬೇಕು, ಅದೂ ಟ್ರಿಪ್ ಲೆಕ್ಕದಲ್ಲಿ. ಒಳಗೆಲ್ಲ ಬರೀ ಗಾಳಿ, ಬಾಡಿಗೆ ಕೊಡುವುದು ಆ ಗಾಳಿಗೆ.

ಅಲ್ಲಿಂದ ಪ್ರಾಜೆಕ್ಟ್ ಬದಲಾಯಿತು. ಬುರುಡೆಯನ್ನು ಸೀಳಿ ಚಪ್ಪಟೆ ಮಾಡಿ ಜಾಗ ಉಳಿಸುವ, ಕರೆಂಟ್ ಬೇಡದ, ಗಾಡಿಯ ಕೆಳಗೆ ಹಿಡಿಯುವ ಒಂದು ಕಾಲುಪೆಡಲ್ ಸಾಧನ. ಮೊದಲ ಐಡಿಯಾಗಿಂತ ಇದು ನೋಡಲು ಸಾದಾ, ಸೆನ್ಸರ್ ಇಲ್ಲ, ಆ್ಯಪ್ ಇಲ್ಲ. ಮಾಡಲು ಮಾತ್ರ ಎರಡರಷ್ಟು ಕಷ್ಟವಾಯಿತು.

ಹೀಗೆ ನೋಡಲು ಬೆಂಗಳೂರಿನಲ್ಲಿ ಜಾಗಕ್ಕೆ ಬರವಿಲ್ಲ. ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಹೊರುವವರ ಬೆನ್ನು, ಒಣ ಕಸ ಬೇರ್ಪಡಿಸುವ ಕೇಂದ್ರದಲ್ಲಿ ಕೂತೇ ಕೆಲಸ ಮಾಡುವ ಹೆಂಗಸರ ಕುತ್ತಿಗೆ, ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು ಓವರ್‌ಹೆಡ್ ಟ್ಯಾಂಕಿನಿಂದ ತುಂಬಿ ಹರಿಯುವುದು. ಯಂತ್ರದ ಚಲನೆ ಬಗ್ಗೆ ತಲೆಗೆ ಏನೂ ಹೊಳೆಯದಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಎಂಜಿನ್ ಹಾಲ್‌ಗೆ ಒಂದು ಸುತ್ತು ಹೋಗಿ ಬನ್ನಿ. ಶಾಲೆಯಲ್ಲಿ ಟೂರ್ ಹೋದಾಗ ನೋಡಿದ್ದು ಲೆಕ್ಕಕ್ಕಿಲ್ಲ.

ಐಇಇಇ ಪೇಪರ್ ಆಧರಿಸಿಯೇ ಮಾಡಬೇಕು ಅಂತಾರಲ್ಲ?

ಐಇಇಇಯಂಥ ಸಂಸ್ಥೆಗಳು ಪ್ರಕಟಿಸುವ ಸಂಶೋಧನಾ ಪೇಪರ್ ಓದಲೇಬೇಕು, ಆದರೆ ಸಮಸ್ಯೆ ಗೊತ್ತಾದ ಮೇಲೆ. ಬುರುಡೆ ಸೀಳಲು ಎಷ್ಟು ಬಲ ಬೇಕು, ನಾರಿನ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಎಂಬುದನ್ನು ಪೇಪರಿನಲ್ಲಿ ಹುಡುಕಿ. ಪೇಪರಿನ ಶೀರ್ಷಿಕೆಯನ್ನೇ ತಿರುಗಿಸಿ ನಿಮ್ಮ ಟಾಪಿಕ್ ಮಾಡಿದರೆ ಎಕ್ಸ್‌ಟರ್ನಲ್‌ಗೆ, ಅಂದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ, ಎರಡನೇ ಸ್ಲೈಡಿಗೇ ತಿಳಿಯುತ್ತದೆ.

ರೆಡಿಮೇಡ್ ಪ್ರಾಜೆಕ್ಟ್ ಕೊಂಡುಕೊಂಡರೆ?

ಕೊಡುವವರಿದ್ದಾರೆ, ರಿಪೋರ್ಟ್ ಸಮೇತ ಕೊಡುತ್ತಾರೆ. ಒಂದೇ ಮಾಡೆಲ್ ಒಂದೇ ವರ್ಷ ಎರಡು ಕಾಲೇಜಿನಲ್ಲಿ ಎದುರಾದದ್ದನ್ನು ನಾನೇ ಎಕ್ಸ್‌ಟರ್ನಲ್ ಆಗಿ ಹೋದಾಗ ನೋಡಿದ್ದೇನೆ, ಅಂಟಿಸಿದ ಸ್ಟಿಕ್ಕರಿನ ಬಣ್ಣವೂ ಅದೇ. ಆ ಹುಡುಗರನ್ನು ನಾನು ಕೇಳಿದ್ದು ಒಂದೇ: "ಈ ರೆಸಿಸ್ಟರ್ ತೆಗೆದರೆ ಏನಾಗುತ್ತೆ?" ಅಲ್ಲಿಗೆ ಮುಗಿಯಿತು. ಬೇಡ.

ನಾಲ್ಕು ಐಡಿಯಾ ಇವೆ, ನಾಲ್ವರೂ ನಂದೇ ಸರಿ ಅಂತಾರೆ. ಆರಿಸೋದು ಹೇಗೆ?

ಕೈ ಎತ್ತಿಸಬೇಡಿ. ಜೋರಾಗಿ ಮಾತಾಡುವವರೇ ಗೆಲ್ಲುತ್ತಾರೆ. ಸ್ಟುವರ್ಟ್ ಪ್ಯೂ ಎಂಬ ಬ್ರಿಟಿಷ್ ಡಿಸೈನ್ ಪ್ರೊಫೆಸರ್ ಹೇಳಿಕೊಟ್ಟ ಒಂದು ಕೋಷ್ಟಕವಿದೆ. ಈಗ ಆ ಕೆಲಸ ಹೇಗೆ ನಡೆಯುತ್ತಿದೆಯೋ ಅದನ್ನು ಅಳತೆಗೋಲು ಮಾಡಿಕೊಳ್ಳಿ. ನಮ್ಮ ತಂಡಕ್ಕೆ ಅದು ಅಣ್ಣನ ಮಚ್ಚು. ಎಡಕ್ಕೆ ಮುಖ್ಯವಾದ ಗುಣಗಳನ್ನು ಬರೆಯಿರಿ: ಒಂದು ಬುರುಡೆಗೆ ಹಿಡಿಯುವ ಸಮಯ, ಬೆರಳಿಗೆ ಅಪಾಯ, ತೂಕ, ಖರ್ಚು, ತೊಳೆಯುವ ಸುಲಭ. ಮೇಲೆ ನಾಲ್ಕು ಐಡಿಯಾ: ಉದ್ದ ಹಿಡಿಕೆಯ ಸನ್ನೆ, ಸ್ಕ್ರೂ ಜ್ಯಾಕ್, ಹೈಡ್ರಾಲಿಕ್ ಜ್ಯಾಕ್, ಕಾಲುಪೆಡಲ್. ಪ್ರತಿ ಮನೆಯಲ್ಲೂ ಮಚ್ಚಿಗಿಂತ ಮೇಲಾದರೆ ಕೂಡು ಚಿಹ್ನೆ, ಕೀಳಾದರೆ ಕಳೆ ಚಿಹ್ನೆ, ಸಮವಾದರೆ ಸಮ.

ಹೈಡ್ರಾಲಿಕ್ ಜ್ಯಾಕ್ ತಂದವನಿಗೆ ತನ್ನದೇ ಗೆಲ್ಲುತ್ತದೆಂಬ ನಂಬಿಕೆಯಿತ್ತು. ಬಲದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಒಂದು ಬುರುಡೆಗೆ ಅಷ್ಟು ಸಲ ಹಿಡಿಕೆ ಒತ್ತುವಷ್ಟರಲ್ಲಿ ಅಣ್ಣ ಮೂರು ಗಿರಾಕಿ ಮುಗಿಸಿರುತ್ತಾರೆ. ಕೋಷ್ಟಕ ತುಂಬುತ್ತಾ ಹೋದಂತೆ ಅವನೇ ಅದನ್ನು ಹೊಡೆದು ಹಾಕಿದ. ಒಟ್ಟು ಅಂಕಿಯೇ ತೀರ್ಪು ಎಂದುಕೊಳ್ಳಬೇಡಿ. ಯಾವ ಮನೆಯಲ್ಲಿ ಚಿಹ್ನೆ ಬರೆಯಲು ಜಗಳ ಆಯಿತೋ ಅಲ್ಲಿ ನಿಮಗೆ ಮಾಹಿತಿ ಸಾಲದು ಎಂದರ್ಥ, ಹೋಗಿ ಅಳೆದು ಬನ್ನಿ.

ಕೆಲಸ ಹಂಚಿಕೊಳ್ಳುವುದು ಹೇಗೆ?

"ನೀನು ಮೆಕ್ಯಾನಿಕಲ್, ನೀನು ಎಲೆಕ್ಟ್ರಾನಿಕ್ಸ್, ನೀನು ಕೋಡ್" ಎಂದು ಹಂಚುವುದಕ್ಕೆ ಐದು ನಿಮಿಷ ಸಾಕು. ಉಳಿಯುವ ಕೆಲಸ, ಈ ಭಾಗಗಳು ಎಲ್ಲಿ ಮುಟ್ಟುತ್ತವೆ ಎಂದು ಬರೆಯುವುದು. ಒಂದು ಹಾಳೆ ತೆಗೆದುಕೊಳ್ಳಿ, ನಾನು ಅದನ್ನು ಸಂದಿನ ಪಟ್ಟಿ ಎನ್ನುತ್ತೇನೆ. ಯಾರ ಭಾಗದಿಂದ ಯಾರ ಭಾಗಕ್ಕೆ ಏನು ಹೋಗುತ್ತದೆ, ಯಾವ ಅಳತೆ, ಯಾವ ಮಾನ, ಯಾವ ಕನೆಕ್ಟರ್, ಎಷ್ಟು ವೋಲ್ಟ್, ಬೋಲ್ಟ್ ಯಾವ ಸೈಜು, ಫೈಲಿನ ಹೆಸರೇನು. ಇಬ್ಬರೂ ಸಹಿ ಹಾಕಬೇಕು. ಬದಲಾಯಿಸಿದರೆ ಮತ್ತೆ ಇಬ್ಬರದೂ ಸಹಿ.

ಇದು ಅತಿಯಾಯಿತು ಅನ್ನಿಸಿದರೆ ನನ್ನದೇ ಕಥೆ ಕೇಳಿ. ನಾನು ಓದುವಾಗ ನಾಲ್ವರು ಸೇರಿ ರಾಗಿ ಜರಡಿ ಹಿಡಿಯುವ ಯಂತ್ರ ಮಾಡುತ್ತಿದ್ದೆವು. ಶಾಫ್ಟ್ ನನ್ನದು, ಲೇತ್‌ನಲ್ಲಿ 20 ಮಿಲಿಮೀಟರ್‌ಗೆ ನೀಟಾಗಿ ತಿರುಗಿಸಿಕೊಂಡು ಬಂದಿದ್ದೆ. ಬೇರಿಂಗ್ ತರುವುದು ಗೆಳೆಯನ ಕೆಲಸ. ಅವನು ಯುಸಿಪಿ 204 ಪಿಲ್ಲೋ ಬ್ಲಾಕ್, ಅಂದರೆ ಬೇರಿಂಗ್ ಕೂತ ಲೋಹದ ಬ್ಲಾಕ್, ತಂದ. ಆ ಬ್ಲಾಕ್ 20 ಮಿಲಿಮೀಟರ್ ತೂತಿನಲ್ಲೂ ಬರುತ್ತದೆ, ಮುಕ್ಕಾಲು ಇಂಚಿನಲ್ಲೂ ಬರುತ್ತದೆ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅವನು ತಂದದ್ದು ಮುಕ್ಕಾಲು ಇಂಚು, ಅಂದರೆ 19.05. ಡೆಮೊ ಹಿಂದಿನ ರಾತ್ರಿ ಗೊತ್ತಾಯಿತು, ಭಾನುವಾರ, ಲೇತ್ ಅಂಗಡಿ ಮುಚ್ಚಿದೆ. ಎಮೆರಿ ಪೇಪರ್ ಹಿಡಿದು ಬೆಳಗಿನವರೆಗೆ ಉಜ್ಜಿದೆವು. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕೈಯಲ್ಲಿ ಹೋಗುತ್ತದೆಯೇ? ಮರುದಿನ ಯಂತ್ರವನ್ನು ತಿರುಗಿಸದೆ ತೋರಿಸಿದೆವು.

ಎಲೆಕ್ಟ್ರಾನಿಕ್ಸ್‌ನಲ್ಲೂ ಇದೇ ಪಾಡು. ಇಎಸ್‌ಪಿ32 ಎಂಬ ಕಂಟ್ರೋಲರ್ ಬೋರ್ಡಿನ ಪಿನ್‌ಗಳು 3.3 ವೋಲ್ಟಿನವು, ದೂರ ಅಳೆಯಲು ಎಲ್ಲರೂ ತರುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಎಕೋ ಪಿನ್ನಿನಿಂದ ಕೊಡುವುದು 5 ವೋಲ್ಟ್. ನಡುವೆ ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು ಎಂಬುದು ಸೆನ್ಸರ್ ತಂದವರ ಕೆಲಸವೋ, ಬೋರ್ಡ್ ತಂದವರದೋ? ಪಟ್ಟಿಯಲ್ಲಿ ಇಲ್ಲದಿದ್ದರೆ ಯಾರದೂ ಅಲ್ಲ. ಮೋಟರಿಗೆ ಬೇರೆ ಬ್ಯಾಟರಿ, ಬೋರ್ಡಿಗೆ ಬೇರೆ ಬ್ಯಾಟರಿ ಹಾಕಿ ಎರಡರ ಗ್ರೌಂಡ್ ಸೇರಿಸಲು ಮರೆತು, ರಾತ್ರಿಯಿಡೀ ಕೋಡಿನಲ್ಲಿ ತಪ್ಪು ಹುಡುಕಿದ ತಂಡಗಳ ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೊನೆಗೆ ಬೈಸಿಕೊಳ್ಳುವುದು ಸೆನ್ಸರ್.

ಒಬ್ಬ ಏನೂ ಮಾಡಲ್ಲ ಸರ್. ಹೆಸರು ಮಾತ್ರ ಇರುತ್ತೆ.

ಅತಿ ಹೆಚ್ಚು ಬರುವ ದೂರು ಇದು, ಬರುವುದು ಸಾಮಾನ್ಯವಾಗಿ ಕೊನೆಯ ರಿವ್ಯೂ ಹಿಂದಿನ ದಿನ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ನೂರು ವರ್ಷಕ್ಕೂ ಹಿಂದೆ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದ. ಗುಂಪು ದೊಡ್ಡದಾದಂತೆ ತಲಾ ಎಳೆಯುವ ಬಲ ಕಡಿಮೆಯಾಗುತ್ತಾ ಹೋಯಿತು. ಒಬ್ಬೊಬ್ಬರೇ ಎಷ್ಟು ಎಳೆದರು ಎಂದು ಕಾಣದಿದ್ದರೆ ಒಳ್ಳೆಯವರೂ ಸ್ವಲ್ಪ ಸಡಿಲ ಬಿಡುತ್ತಾರೆ. ಆದ್ದರಿಂದ ಕೆಲಸ ಕಾಣುವ ಹಾಗೆ ಇಡಿ: ಪ್ರತಿ ವಾರ ಯಾರು ಏನು ಮುಗಿಸುತ್ತಾರೆ ಎಂದು ಹೆಸರಿನ ಮುಂದೆ ಒಂದು ಸಾಲು. "ಸರ್ಕ್ಯೂಟ್ ನೋಡ್ಕೋತಾನೆ" ಎಂದು ಬರೆದರೆ ಪ್ರಯೋಜನವಿಲ್ಲ. "ಗುರುವಾರದೊಳಗೆ ಬ್ರೆಡ್‌ಬೋರ್ಡ್ ಮೇಲೆ ಮೋಟರ್ ಎರಡೂ ದಿಕ್ಕಿಗೆ ತಿರುಗಬೇಕು" ಎಂದು ಬರೆಯಿರಿ.

ಆಮೇಲೂ ಮಾಡದಿದ್ದರೆ ಬೈಯುವ ಮೊದಲು ಕಾರಣ ಕೇಳಿ, ಗ್ರೂಪಿನಲ್ಲಲ್ಲ, ಒಬ್ಬರೇ ಹೋಗಿ, ಕ್ಯಾಂಟೀನಿನಲ್ಲಿ. ಬ್ಯಾಕ್‌ಲಾಗ್ ಇರಬಹುದು, ಪ್ಲೇಸ್‌ಮೆಂಟ್ ತಯಾರಿ ಇರಬಹುದು, ಸಂಜೆ ಡೆಲಿವರಿ ಕೆಲಸಕ್ಕೆ ಹೋಗುವವರೂ ನಮ್ಮಲ್ಲಿ ಇದ್ದಾರೆ. ಬಹಳ ಸಲ ಕಾರಣ ಇನ್ನೂ ಸಾದಾ: ಕೆಲಸ ಬರುವುದಿಲ್ಲ, ಬರುವುದಿಲ್ಲ ಎನ್ನಲು ನಾಚಿಕೆ. ಅಂಥವರಿಗೆ ಚಿಕ್ಕದಾದರೂ ಪೂರ್ತಿ ಅವರದೇ ಆದ ಒಂದು ಭಾಗ ಕೊಡಿ, ಜೊತೆಗೆ ಒಬ್ಬರು ಕೂತು ಮೊದಲ ಹೆಜ್ಜೆ ತೋರಿಸಿ. ಎರಡು ವಾರ ಹೀಗೆ ನೋಡಿಯೂ ಆಗದಿದ್ದರೆ ಗೈಡ್ ಹತ್ತಿರ ಬನ್ನಿ, ಬರೆದಿಟ್ಟ ಆ ವಾರದ ಸಾಲುಗಳ ಸಮೇತ. ಚಾಡಿ ಹೇಳಿದ ಹಾಗಾಗುವುದಿಲ್ಲ.

ನಾನು ಪ್ರತಿ ರಿವ್ಯೂಗೆ ಒಂದು ಚೀಟಿ ಕೊಡುತ್ತೇನೆ. ಒಬ್ಬೊಬ್ಬರೂ 100 ಅಂಕಗಳನ್ನು ತಂಡದ ನಾಲ್ವರಿಗೆ ಹಂಚಬೇಕು, ತಮ್ಮನ್ನೂ ಸೇರಿಸಿ. ಮೊದಲ ಸಲ ಎಲ್ಲರೂ 25, 25, 25, 25. ಎರಡನೇ ಸಲದಿಂದ ನಿಜ ಹೊರಗೆ ಬರುತ್ತದೆ.

ನಮ್ಮ ತಂಡದಲ್ಲಿ ದಿನಾ ಜಗಳ. ಬೇರೆ ತಂಡಕ್ಕೆ ಹೋಗಬಹುದಾ?

ಎಷ್ಟನೇ ವಾರ? ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದರು: ಗುಂಪು ಮೊದಲು ಸೇರುತ್ತದೆ, ಆಮೇಲೆ ಕಿತ್ತಾಡುತ್ತದೆ, ಆಮೇಲೆ ರೀತಿನೀತಿ ಮಾಡಿಕೊಳ್ಳುತ್ತದೆ, ಆಮೇಲೆ ಕೆಲಸ. ಮೂರನೇ ವಾರದ ಜಗಳ ಎರಡನೇ ಹಂತದ್ದು, ಸಹಿಸಿಕೊಳ್ಳಿ. ಡಿಸೈನ್ ಬಗ್ಗೆ ಜಗಳವಾದರೆ ಒಳ್ಳೆಯದೇ. ಜಾತಿ, ಊರು, ಮೈಬಣ್ಣ, ಹೆಣ್ಣು ಗಂಡು ಎಂದು ಮಾತು ಬಂದಿದ್ದರೆ ಅದು ತಂಡದ ಹಂತವಲ್ಲ, ಅಂದೇ ಗೈಡ್‌ಗೆ ಹೇಳಿ.

ನಾನು ಕನ್ನಡ ಮಾಧ್ಯಮದಿಂದ ಬಂದವನು. ತಂಡದಲ್ಲಿ ಎಲ್ಲ ಇಂಗ್ಲಿಷ್, ಹಿಂದಿ. ಮಾತಾಡೋಕೆ ಆಗಲ್ಲ.

ಈ ಪ್ರಶ್ನೆಯನ್ನು ಯಾರೂ ನಾಲ್ವರ ಎದುರಿಗೆ ಕೇಳುವುದಿಲ್ಲ, ಒಬ್ಬರೇ ಬಂದು ಕೇಳುತ್ತಾರೆ. ಬೆಂಗಳೂರಿನ ತಂಡವೆಂದರೆ ಒಬ್ಬ ಹಾಸನ, ಒಬ್ಬಳು ಪಟ್ನಾ, ಒಬ್ಬ ಅನಂತಪುರ, ಒಬ್ಬಳು ಜಯನಗರ. ನೀವು ಸುಮ್ಮನೆ ಕೂತರೆ ತಂಡ ನಿಮಗೆ ತಿಳಿಯದು ಎಂದುಕೊಳ್ಳುತ್ತದೆ.

ಮಾತಿನ ಬದಲು ಚಿತ್ರ ಬಳಸಿ. ಕೈಯಲ್ಲಿ ಬರೆದ ಸ್ಕೆಚ್ಚು, ಅದರ ಮೇಲೆ ಅಳತೆ, ರಟ್ಟಿನಲ್ಲಿ ಕತ್ತರಿಸಿದ ಮಾದರಿ ಇವನ್ನು ಮೇಜಿನ ಮೇಲಿಟ್ಟರೆ ಮಾತು ಅದರ ಸುತ್ತ ತಿರುಗುತ್ತದೆ, ವ್ಯಾಕರಣದ ಸುತ್ತ ಅಲ್ಲ. ಹೊರಗಿನ ಕೆಲಸದಲ್ಲಂತೂ ನೀವೇ ಮುಂದೆ. ಎಳನೀರು ಅಣ್ಣನ ಹತ್ತಿರ, ಪೀಣ್ಯದ ಲೇತ್ ಅಂಗಡಿಯಲ್ಲಿ, ಗುಜರಿಯಲ್ಲಿ ಕನ್ನಡದಲ್ಲಿ ಮಾತಾಡಿಸಿದರೆ ಸಿಗುವ ಮಾಹಿತಿ ಉಳಿದ ಮೂವರಿಗೆ ಸಿಗುವುದಿಲ್ಲ. ವೈವಾಗೆ ನಿಮ್ಮ ಭಾಗದ ಹತ್ತು ವಾಕ್ಯ ಇಂಗ್ಲಿಷಿನಲ್ಲಿ ನೀವೇ ಬರೆದು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ. ಎಕ್ಸ್‌ಟರ್ನಲ್‌ಗೆ ಕನ್ನಡ ಬರುವುದಾದರೆ "ಸರ್, ಇದನ್ನು ಕನ್ನಡದಲ್ಲಿ ಹೇಳ್ಲಾ?" ಎಂದು ಕೇಳಲು ಹಿಂಜರಿಯಬೇಡಿ. ನಾನಂತೂ ಇದುವರೆಗೆ ಬೇಡ ಎಂದಿಲ್ಲ.

ಎಷ್ಟು ಖರ್ಚಾಗುತ್ತೆ? (ಇದು ಹೆಚ್ಚಾಗಿ ತಂದೆತಾಯಿ ಫೋನ್ ಮಾಡಿ ಕೇಳುವುದು)

ಮಗ ಕೇಳಿದಷ್ಟು ಕೊಡಬೇಡಿ, ಬಿಲ್ ಕೇಳಿ! ವಿದ್ಯಾರ್ಥಿಗಳಿಗೆ ಹೇಳುವುದಾದರೆ, ಮೊದಲ ವಾರವೇ ನಾಲ್ವರಲ್ಲಿ ಕೈ ಬಿಗಿ ಇರುವವರಿಗೆ ಎಷ್ಟು ಹಾಕಲು ಸಾಧ್ಯವೋ ಅದನ್ನು ನಾಲ್ಕರಿಂದ ಗುಣಿಸಿ. ಅದು ನಿಮ್ಮ ಬಜೆಟ್. ಹಣ ಇರುವವರು ಹೆಚ್ಚು ಹಾಕಿದರೆ ಆಮೇಲೆ ಡಿಸೈನೂ ಅವರದೇ ಆಗಿಬಿಡುತ್ತದೆ.

ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಎಲ್ಲರ ಬಾಯಲ್ಲಿ ಕೆಎಸ್‌ಸಿಎಸ್‌ಟಿ, ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಪ್ರತಿ ವರ್ಷ ಧನಸಹಾಯ ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಆಯ್ಕೆಯಾದವುಗಳನ್ನು ನಡುವೆ ಬಂದು ಪರಿಶೀಲಿಸುತ್ತಾರೆ, ಒಳ್ಳೆಯವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಅಲ್ಲಿನವರಿಗೆ "ಇದು ಕರ್ನಾಟಕದಲ್ಲಿ ಯಾರಿಗೆ ಉಪಯೋಗ?" ಎಂಬ ಪ್ರಶ್ನೆ ಮುಖ್ಯ. ಬುರುಡೆ ಸೀಳುವ ಥರದ ಪ್ರಾಜೆಕ್ಟಿಗೆ ಆ ಪ್ರಶ್ನೆ ಹೆದರಿಕೆಯಲ್ಲ.

ಸಾಮಾನು ಎಲ್ಲಿ ತರೋದು?

ಎಲೆಕ್ಟ್ರಾನಿಕ್ಸ್‌ಗೆ ಎಸ್‌ಪಿ ರೋಡ್, ಚಿಕ್ಕಪೇಟೆ ಮೆಟ್ರೋ ಇಳಿದು ನಡೆಯಿರಿ, ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ಇನ್ನೊಂದು ಪ್ರಾಜೆಕ್ಟ್. ಭಾನುವಾರ ಹೋಗಬೇಡಿ. ಒಂದೇ ಸೆನ್ಸರ್ ಬೇಕಿದ್ದರೂ ಎರಡು ತನ್ನಿ, ಒಂದು ಸುಡುವುದು ಗ್ಯಾರಂಟಿ. ಅಂಗಡಿಯವರಿಗೆ ಪಾರ್ಟ್ ನಂಬರ್ ಹೇಳಿ, "ಸಣ್ಣ ಮೋಟರ್" ಎಂದರೆ ಅವರು ಕೊಟ್ಟದ್ದೇ ಸಣ್ಣ ಮೋಟರ್. ಗಾಡಿ ಬಿಡಿಭಾಗಗಳಿಗೆ ಜೆಸಿ ರೋಡ್. ಕಬ್ಬಿಣದ ಆ್ಯಂಗಲ್, ಹಳೆಯ ಸೈಕಲ್ ಚೈನು, ಪೆಡಲ್ಲಿಗೆ ಗುಜರಿ ಅಂಗಡಿ.

ಲೇತ್, ಲೇಸರ್ ಕಟಿಂಗ್‌ಗೆ ಪೀಣ್ಯ. ಅಲ್ಲಿ ನಿಮ್ಮ ಒಂದು ಪೀಸ್ ಕೆಲಸ ಯಾರಿಗೂ ಲಾಭವಲ್ಲ, ದೊಡ್ಡ ಆರ್ಡರ್ ನಡುವೆ ಬಿಡುವು ಸಿಕ್ಕಾಗ ಮಾಡಿಕೊಡುತ್ತಾರೆ. ಹೋಗುವಾಗ ಅಳತೆ ಬರೆದ ಡ್ರಾಯಿಂಗ್ ಹಾಳೆ ಕೈಯಲ್ಲಿರಲಿ, ಫೋನಿನಲ್ಲಿ 3ಡಿ ಮಾಡೆಲ್ ತಿರುಗಿಸಿ ತೋರಿಸಬೇಡಿ. "ಈ ಮೂಲೆ ಹೀಗಿದ್ರೆ ಟೂಲ್ ಒಳಗೆ ಹೋಗಲ್ಲ ಕಣಪ್ಪಾ" ಎಂದು ಅಲ್ಲಿನ ಟರ್ನರ್ ಹೇಳಿದರೆ ಅದು ನಿಮ್ಮ ಇಡೀ ಸೆಮಿಸ್ಟರಿನ ಉತ್ತಮ ಡಿಸೈನ್ ರಿವ್ಯೂ. ಪುಸ್ತಕ ತೆಗೆದು ಬರೆದುಕೊಳ್ಳಿ.

ಪ್ರೊಟೊಟೈಪ್ ಎಷ್ಟು ಸಲ ಮಾಡಬೇಕು?

ಕನಿಷ್ಠ ಮೂರು. ಮೊದಲನೆಯದು ರಟ್ಟು, ಗಮ್ ಟೇಪು. ಅದನ್ನು ಬಳಸುವವರ ಕೈಗೆ ಕೊಟ್ಟು ನೋಡಿ. ರಟ್ಟಿನದನ್ನು ಟೀಕಿಸಲು ಅವರಿಗೆ ಸಂಕೋಚವಿರುವುದಿಲ್ಲ, ಪೇಂಟ್ ಹೊಡೆದದ್ದನ್ನು ತೋರಿಸಿದರೆ ಪಾಪ ಮಕ್ಕಳು ಕಷ್ಟಪಟ್ಟಿದ್ದಾರೆ ಎಂದು ಚೆನ್ನಾಗಿದೆ ಎಂದುಬಿಡುತ್ತಾರೆ. ಎರಡನೆಯದು ಕೆಲಸ ಮಾಡಬೇಕು, ಚಂದ ಇರಬೇಕಿಲ್ಲ. ಮೂರನೆಯದು ಡೆಮೊಗೆ.

3ಡಿ ಪ್ರಿಂಟ್ ನಂಬಿದವರಿಗೆ ಎರಡು ಮಾತು. ತೂತುಗಳು ಡ್ರಾಯಿಂಗಿಗಿಂತ ಸ್ವಲ್ಪ ಚಿಕ್ಕದಾಗಿ ಬರುತ್ತವೆ, ಲೆಕ್ಕ ಇಟ್ಟುಕೊಳ್ಳಿ. ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾಡೆಲ್ ಇಟ್ಟು ಊಟಕ್ಕೆ ಹೋಗಬೇಡಿ.

ಸಮಯ ಹೇಗೆ ಹಂಚಿಕೊಳ್ಳೋದು?

ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಇಂಟರ್ನಲ್ಸ್ ವಾರಗಳು, ಗಣೇಶ, ದಸರಾ, ದೀಪಾವಳಿಗೆ ಊರಿಗೆ ಹೋಗುವ ದಿನಗಳು, ಕಂಪನಿಗಳು ಬರುವ ದಿನಗಳನ್ನು ಹೊಡೆದು ಹಾಕಿದರೆ ಹದಿನಾರು ವಾರದ ಸೆಮಿಸ್ಟರ್ ಹತ್ತಕ್ಕೆ ಇಳಿಯುತ್ತದೆ. ಆ ಹತ್ತರಲ್ಲಿ ಕೊನೆಯ ಮೂರು ವಾರ ಹೊಸದೇನೂ ಮಾಡಬಾರದು, ಭಾಗಗಳನ್ನು ಸೇರಿಸುವುದಕ್ಕೆ ಮಾತ್ರ. "ಎಲ್ಲ ರೆಡಿ ಸರ್, ಜೋಡಿಸೋದು ಬಾಕಿ" ಎಂದರೆ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಬಾಕಿ.

ಗೈಡ್ ಕೈಗೇ ಸಿಗಲ್ಲ.

ಒಪ್ಪುತ್ತೇನೆ. ನಮಗೂ ಹತ್ತು ತಂಡ, ಅದರ ಮೇಲೆ ವ್ಯಾಲ್ಯುಯೇಶನ್. "ಸರ್, ಪ್ರಾಜೆಕ್ಟ್ ಬಗ್ಗೆ ಮಾತಾಡಬೇಕಿತ್ತು" ಎಂದರೆ ನಾಳೆ ಬನ್ನಿ ಎನ್ನುತ್ತೇವೆ. "ಸರ್, ಸ್ಪ್ರಿಂಗ್ ಎರಡು ಥರ ಇದೆ, ಯಾವುದು ಎಂದು ಇವತ್ತು ತೀರ್ಮಾನ ಆಗಬೇಕು" ಎಂದರೆ ಕಾರಿಡಾರಿನಲ್ಲೇ ಉತ್ತರ ಸಿಗುತ್ತದೆ.

ಚಾಟ್‌ಜಿಪಿಟಿ ಬಳಸಬಹುದಾ?

ಕೋಡಿನ ತಪ್ಪು ಹುಡುಕಲು, ಡೇಟಾಶೀಟ್ ಅರ್ಥ ಮಾಡಿಕೊಳ್ಳಲು ಧಾರಾಳವಾಗಿ. ಅದು ಹೇಳಿದ ಪಿನ್ ನಂಬರನ್ನು ಡೇಟಾಶೀಟಿನಲ್ಲಿ ನೋಡಿಯೇ ವೈರ್ ಹಾಕಿ. ರಿಪೋರ್ಟಿಗೆ ಬಳಸಿದರೆ ಇಲ್ಲದ ಪೇಪರುಗಳ ಹೆಸರು ಸೇರಿಕೊಳ್ಳುತ್ತವೆ, ಸಿಕ್ಕಿಬೀಳುವವರು ನೀವು.

ವೈವಾದಲ್ಲಿ ಏನು ಕೇಳ್ತಾರೆ?

ಮೊದಲು "ನೀವು ಏನು ಮಾಡಿದಿರಿ?" ಇದಕ್ಕೆ ಎಲ್ಲರೂ ತಯಾರಿರುತ್ತಾರೆ. ಆಮೇಲೆ ಎಕ್ಸ್‌ಟರ್ನಲ್ ಪಕ್ಕದವರ ಭಾಗವನ್ನು ನಿಮಗೆ ಕೇಳುತ್ತಾರೆ. ಕೋಡ್ ಬರೆದವಳಿಗೆ ವೆಲ್ಡ್ ಬಗ್ಗೆ, ವೆಲ್ಡ್ ಮಾಡಿದವನಿಗೆ ಕೋಡ್ ಬಗ್ಗೆ. "ಅದು ಅವನದು ಸರ್" ಎನ್ನಬೇಡಿ. ವೈವಾಕ್ಕೆ ಎರಡು ದಿನ ಮುಂಚೆ ಒಬ್ಬರ ಭಾಗವನ್ನು ಇನ್ನೊಬ್ಬರು ವಿವರಿಸುವ ಆಟ ಆಡಿ.

ಡೆಮೊ ದಿನ ಮಾಡೆಲ್ ಓಡದಿದ್ದರೆ?

ಹಿಂದೆ ಓಡಿದಾಗ ತೆಗೆದ ವಿಡಿಯೋ, ತಾರೀಖು ಬರೆದ ಟೆಸ್ಟ್ ರೀಡಿಂಗ್ ಇರಲಿ. ಯಾಕೆ ಓಡಲಿಲ್ಲ ಎಂದು ನೇರವಾಗಿ ಹೇಳಿ. ನಮ್ಮ ರಾಗಿ ಜರಡಿ ಯಂತ್ರದ ಮುಂದೆ ನಿಂತು ಮುಕ್ಕಾಲು ಇಂಚಿನ ಕಥೆ ಹೇಳಿದಾಗ ಎಕ್ಸ್‌ಟರ್ನಲ್ ನಕ್ಕು, ಬೇರಿಂಗ್ ನಂಬರ್ ಓದುವುದು ಹೇಗೆ ಎಂದು ಹತ್ತು ನಿಮಿಷ ಪಾಠ ಮಾಡಿದರು. ಮಾರ್ಕ್ಸ್ ಕಡಿಮೆಯೇ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಪೇಟೆಂಟ್ ಮಾಡಿಸಬಹುದಾ?

ನಿಜವಾಗಿ ಹೊಸದಿದ್ದರೆ ಮಾಡಿಸಿ. ಆದರೆ ಪ್ರದರ್ಶನ, ಪೇಪರ್, ಇನ್‌ಸ್ಟಾಗ್ರಾಂ ರೀಲ್ ಎಲ್ಲಕ್ಕಿಂತ ಮೊದಲು ಅರ್ಜಿ ಹೋಗಬೇಕು, ಮೊದಲೇ ಬಹಿರಂಗವಾದರೆ ಹೊಸತನ ಹೋದಂತೆ. ಪ್ರಾವಿಶನಲ್, ಅಂದರೆ ತಾತ್ಕಾಲಿಕ, ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ. 80 ರಿಯಾಯಿತಿ ಇದೆ. ಅರ್ಜಿಯಲ್ಲಿ ಯಾರ ಹೆಸರು ಇರಬೇಕು ಎಂಬುದನ್ನು ಗೈಡ್ ಸೇರಿಸಿ ಎಲ್ಲರೂ ಮೊದಲೇ ಬರೆದು ಒಪ್ಪಿಕೊಳ್ಳಿ.

ಪ್ರಾಜೆಕ್ಟ್ ಮುಗಿದ ಮೇಲೆ ಮಾಡೆಲ್ ಏನು ಮಾಡೋದು?

ಸಾಮಾನ್ಯವಾಗಿ ಅದು ಡಿಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತದೆ. ಲಿಥಿಯಂ ಬ್ಯಾಟರಿ ಮಾತ್ರ ಅಲ್ಲಿ ಬಿಡಬೇಡಿ, ತೆಗೆದು ಇ-ವೇಸ್ಟ್‌ಗೆ ಕೊಡಿ. ಬೋರ್ಡು, ಮೋಟರ್ ಬಿಚ್ಚಿ ಜೂನಿಯರ್‌ಗಳಿಗೆ ಕೊಟ್ಟರೆ ಅವರ ಖರ್ಚು ಉಳಿಯುತ್ತದೆ, ಸಂದಿನ ಪಟ್ಟಿಯನ್ನೂ ಜೊತೆಗೆ ಕೊಡಿ.

ಯಾರಿಗಾಗಿ ಮಾಡಿದಿರೋ ಅವರಿಗೇ ಕೊಡಲು ಸಾಧ್ಯವಾದರೆ ಅದೇ ಒಳ್ಳೆಯದು. ಬುರುಡೆ ಸೀಳುವ ಪೆಡಲ್ ಈಗ ಗೇಟಿನ ಎದುರಿನ ಅಣ್ಣನ ಗಾಡಿಯ ಕೆಳಗಿದೆ. ಹಿಡಿಕೆಗೆ ಅವರು ಹಳೆಯ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದಾರೆ. ತಂಡದವರು ಮೂರು ವಾರ ತಲೆಕೆಡಿಸಿಕೊಂಡು ಹಾಕಿದ್ದ ಸ್ಪ್ರಿಂಗನ್ನು ಕಿತ್ತು ಪಕ್ಕಕ್ಕಿಟ್ಟಿದ್ದಾರೆ. ಯಾಕೆ ಕಿತ್ತರು ಎಂದು ಈ ವರ್ಷದ ಬ್ಯಾಚಿನವರು ಯಾರಾದರೂ ಹೋಗಿ ಕೇಳಿ ಬನ್ನಿ, ಮಧ್ಯಾಹ್ನ ಮೂರರ ಮೇಲೆ ಅವರಿಗೆ ಸ್ವಲ್ಪ ಬಿಡುವಿರುತ್ತದೆ.